ಬಾಣ ಬಿಡುವ ಮುಂಚೆ

ಚಿರಂಜೀವಿ ಸುಹಾಸನಿಗೆ ಚಿಕ್ಕಪ್ಪನ ಆಶೀರ್ವಾದಗಳು.

ಜಿಂಕೆ ಬೇಟೆಗೆ ಅಂತ ನೀನು ಬಿಲ್ಲು ಕೆತ್ತಿದ್ದು, ಬಾಣಕ್ಕೆ ಕಲ್ಲಿನ ಮೊನೆ ಮಾಡಿದ್ದು ಎಲ್ಲ ನಿನ್ನ ಪತ್ರದಲ್ಲಿ ಖುಷಿಯಿಂದ ಓದಿದೆ. ಕೊನೆಯ ಸಾಲು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ಬಾಣ ತಗುಲಿದ ಜಿಂಕೆ ಸಿಗದೆ ಹೋಗಿ ಎಲ್ಲೋ ನರಳಿದರೆ ಅಂತ ಕೇಳಿದ್ದೀಯ.

ಈ ಭಯ ಸುಮ್ನೆ ಹುಟ್ಟಿದ್ದಲ್ಲ ಮಗಾ. ಬಾಣ ಗುಂಡಿನ ಹಾಗಲ್ಲ, ಅದು ಕೊಲ್ಲುವುದು ಒಳಗೆ ಕೊಯ್ದು, ರಕ್ತ ಹರಿಸಿ. ಶ್ವಾಸಕೋಶಕ್ಕೇ ಬಿದ್ದರೂ ಜಿಂಕೆ ಒಂದಷ್ಟು ದೂರ ಓಡಿಯೇ ಬೀಳುತ್ತದೆ. ಬ್ರಿಟನ್ನಿನಲ್ಲಿ 1981ರ ಕಾಯ್ದೆ ಬಿಲ್ಲಿನಿಂದ ಕಾಡುಪ್ರಾಣಿ ಕೊಲ್ಲುವುದನ್ನೇ ನಿಷೇಧಿಸಿದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1934ರಲ್ಲೇ ಬಿಲ್ಲುಗಾರರಿಗೆ ಅಂತ ಬೇಟೆಯ ಋತು ಶುರುವಾಯಿತು. ನಿನ್ನ ಪ್ರಶ್ನೆಗೆ ಲೋಕವೇ ಒಂದು ಉತ್ತರ ಕೊಟ್ಟಿಲ್ಲ.

ಪ್ರಾಯದಲ್ಲಿ ಗೆಳೆಯನೊಬ್ಬನ ಜೊತೆ ಬೇಟೆಗೆ ಹೋಗಿದ್ದೆ. ಬಾಣ ಬಿಟ್ಟವನು ಅವನು. ಎಲೆಯ ಮೇಲೆ ಕಪ್ಪಗಿನ ಕೆಂಪು ಹನಿ. ಬಾಣದ ಕಡ್ಡಿಗೆ ಹಸಿರು ಲೋಳೆ, ಕೆಟ್ಟ ವಾಸನೆ. ಹೊಟ್ಟೆಗೆ ಬಿದ್ದಿದೆ ಅಂತ ಇಬ್ಬರಿಗೂ ಗೊತ್ತಾಯಿತು. ಅಂಥ ಪ್ರಾಣಿಯ ಬೆನ್ನು ತಕ್ಷಣ ಹತ್ತಬಾರದು, ಎಬ್ಬಿಸಿದರೆ ಇನ್ನೂ ದೂರ ಹೋಗುತ್ತದೆ. ಕಾದೆವು. ರಾತ್ರಿ ಮಳೆ ಹೊಡೆಯಿತು. ಬೆಳಗ್ಗೆ ಒಂದು ಹನಿಯ ಗುರುತೂ ಉಳಿದಿರಲಿಲ್ಲ. ಅವನು ಮತ್ತೆ ಬಿಲ್ಲು ಮುಟ್ಟಲಿಲ್ಲ. ಆ ದಿನದ ಬಗ್ಗೆ ಅವನನ್ನು ಕೂರಿಸಿಕೊಂಡು ಮಾತಾಡಬೇಕಿತ್ತು ಅಂತ ಈಗ ತುಂಬ ಅನಿಸುತ್ತದೆ. ಅವನೇ ಇಲ್ಲ.

ಕಲ್ಲಿನ ಮೊನೆಗೆ ಶಕ್ತಿ ಸಾಲದು ಅಂತಲ್ಲ. 1991ರಲ್ಲಿ ಯುರೋಪಿನ ಆಲ್ಪ್ಸ್ ಪರ್ವತದ ಹಿಮದಲ್ಲಿ ಹೆಣವಾಗಿ ಸಿಕ್ಕ ಓಟ್ಜಿ ಅನ್ನುವ ಮನುಷ್ಯ ಸುಮಾರು 5,300 ವರ್ಷ ಹಿಂದಿನವನು. ಅವನ ಎಡ ಭುಜದೊಳಗೆ ಕಲ್ಲಿನ ಮೊನೆ ಇದೆ ಅಂತ 2001ರಲ್ಲಿ ಎಕ್ಸ್‌ರೇಯಿಂದ ತಿಳಿಯಿತು. ರಕ್ತನಾಳ ಕೊಯ್ದುಹೋಗಿತ್ತು. ಆದರೆ ಎಲ್ಲಿಗೆ ಬೀಳುತ್ತದೆ ಅನ್ನುವುದೇ ಎಲ್ಲ, ಅಲ್ವಾ? ನಿನ್ನ ಹೆದರಿಕೆಯೂ ಅದೇ.

ಇದು ನಿನಗೆ ಗೊತ್ತಿರಬಹುದು, ಆದರೂ ಹೇಳುತ್ತೇನೆ, ಬೇಜಾರಾಗಬೇಡ. ಶಬ್ದದ ವೇಗ ಸೆಕೆಂಡಿಗೆ 340 ಮೀಟರ್. ಮರದ ಬಿಲ್ಲಿನ ಬಾಣದ್ದು 50ರ ಆಸುಪಾಸು. ಅಂದರೆ 20 ಮೀಟರ್ ದೂರದಿಂದ ಬಿಟ್ಟರೂ ಹೆದೆಯ ಸದ್ದು ಬಾಣಕ್ಕಿಂತ ತುಂಬ ಮೊದಲೇ ಜಿಂಕೆಗೆ ಕೇಳಿಸುತ್ತದೆ. ಬೆಚ್ಚಿದ ಜಿಂಕೆ ನೆಗೆಯುವ ಮುಂಚೆ ಮೈ ತಗ್ಗಿಸುತ್ತದೆ, ಬಾಣ ಗುರಿಗಿಂತ ಮೇಲೆ ಬೀಳುತ್ತದೆ. ಅದಕ್ಕೇ ಕಿವಿ ನಿಮಿರಿಸಿ ನಿನ್ನ ಕಡೆ ನೋಡುತ್ತಿದ್ದರೆ ಬಿಡಲೇಬೇಡ. ಇನ್ನೂ ಹತ್ತಿರ ಬರಲಿ, ಪಕ್ಕೆ ತೋರಿಸಿ ನಿಲ್ಲಲಿ. ನಿಲ್ಲದಿದ್ದರೆ ಬರಿಗೈಯಲ್ಲಿ ಮನೆಗೆ ಬಾ.

ಮಳೆಯ ಮೋಡ ಕಂಡ ಸಂಜೆಯಂತೂ ಬೇಡ. ನನಗೆ ಆ ರಾತ್ರಿಯೇ ನೆನಪಾಗುತ್ತದೆ.

ಕಲ್ಲಿನ ಮೊನೆಯಿಂದ ಬೇಟೆಯಾಡಲು ನೀನಿರುವ ಕಡೆ ಕಾನೂನಿನ ಒಪ್ಪಿಗೆ ಇದೆಯಾ ಅಂತ ಕೇಳಿದ್ದೀಯಾ? ಎಲ್ಲ ಕಡೆ ಇರುವುದಿಲ್ಲ. ಬಾಣದ ತೂಕ ಎಷ್ಟು, ಮೊನೆ ಎಷ್ಟು ಅಗಲ ಅಂತ ಬರೆ. ಹಗುರವಾದರೆ ಒಳಕ್ಕೆ ಇಳಿಯುವುದಿಲ್ಲ, ಆಗ ನೀನು ಹೆದರಿದ್ದೇ ಆಗುತ್ತದೆ. ನನ್ನ ಉತ್ತರ ಬರುವ ತನಕ ಹುಲ್ಲಿನ ಗುರಿಗೇ ಹೊಡೆಯುತ್ತಿರು.

ಇಂತಿ,
ನಿನ್ನ ಚಿಕ್ಕಪ್ಪ