ಸಾಲದ ಪುಸ್ತಕದಲ್ಲಿ ನಿನ್ನ ಅಕ್ಷರ

ತಿಪಟೂರು
ಭಾನುವಾರ ರಾತ್ರಿ

ಪುಟ್ಟಿಗೆ ನಿನ್ನ ಅಪ್ಪಾಜಿ ಮಾಡುವ ಆಶೀರ್ವಾದಗಳು.

ಇದಾದ ಮೇಲೆ ‘ಉಭಯ ಕುಶಲೋಪರಿ’ ಎಂದು ಬರೆಯುವುದು ಕ್ರಮ. ಮನೆಯಲ್ಲಿ ಇಬ್ಬರು ಜ್ವರ ಬಂದು ಮಲಗಿದ್ದಾಗಲೂ ನಿನ್ನ ತಾತ ಹಾಗೆಯೇ ಬರೆಯುತ್ತಿದ್ದರು. ನನಗೆ ಕೈ ಬರಲಿಲ್ಲ. ಒಂಬತ್ತು ದಿನಗಳಿಂದ ನೀನು ಅಮ್ಮನಿಗೆ ಮಾತ್ರ ಫೋನ್ ಮಾಡುತ್ತಿದ್ದೀಯ. ನಾನು ಅಂಗಡಿಯಿಂದ ಬರುವ ಹೊತ್ತನ್ನು ಲೆಕ್ಕ ಹಾಕಿ, ಅದಕ್ಕೆ ಹತ್ತು ನಿಮಿಷ ಮೊದಲೇ ಇಟ್ಟುಬಿಡುತ್ತೀಯ. ಬುಧವಾರ ಅರ್ಧ ಗಂಟೆ ಮುಂಚೆಯೇ ಬಾಗಿಲು ಹಾಕಿಕೊಂಡು ಬಂದೆ. ಅಂದು ನೀನು ಮಧ್ಯಾಹ್ನವೇ ಮಾತಾಡಿ ಮುಗಿಸಿದ್ದೆಯಂತೆ. ಲೆಕ್ಕದಲ್ಲಿ ನಿನ್ನನ್ನು ಹಿಡಿಯುವುದು ನನ್ನಿಂದ ಆಗದ ಕೆಲಸ.

ಆ ಶುಕ್ರವಾರ ಅಂಗಡಿಯಲ್ಲಿ ಆದದ್ದನ್ನು ಮತ್ತೆ ಇಲ್ಲಿ ಬಿಡಿಸಿ ಬರೆಯುವುದಿಲ್ಲ. ನೀನು ಕೇಳಿದ್ದು, ನಮ್ಮ ಪಂಪು ಪೈಪಿನ ಅಂಗಡಿಯಲ್ಲಿ ಕೆಲಸ ಮಾಡಿದ್ದೀಯ ಎಂಬ ಅನುಭವ ಪತ್ರದ ಒಂದು ಹಾಳೆ. ಅಂಗಡಿಯ ಲೆಟರ್‌ಹೆಡ್, ನಾಲ್ಕು ಸಾಲು, ಒಂದು ಸೀಲು. ನಾನು ಏನೆಂದೆ ಎನ್ನುವುದು ನಿನಗೂ ಗೊತ್ತು, ಮೋಟಾರು ಇಳಿಸಲು ಬಂದಿದ್ದ ಆ ಇಬ್ಬರಿಗೂ ಗೊತ್ತು. ನಿನಗೆ ಗೊತ್ತಿಲ್ಲದ್ದು ಆಮೇಲೆ ಮನೆಯಲ್ಲಿ ನಡೆದದ್ದು. ‘ಮನೆಯ ಅಂಗಡಿಯಲ್ಲಿ ಕೂತದ್ದಕ್ಕೆಲ್ಲ ಸರ್ಟಿಫಿಕೇಟ್ ಕೊಡುವುದಾದರೆ ನಿಮ್ಮಮ್ಮನ ಅಡುಗೆಗೂ ಕೊಡಬೇಕಾಗುತ್ತದೆ’ ಎಂದು ನಾನು ದೊಡ್ಡ ತಮಾಷೆ ಮಾಡಿದ್ದೆನಲ್ಲ, ಅದನ್ನು ರಾತ್ರಿ ಊಟಕ್ಕೆ ಕೂತಾಗ ಅಮ್ಮನ ಮುಂದೆಯೂ ಹೇಳಿದೆ. ಅವಳು ಸಾರು ಬಡಿಸುತ್ತಲೇ ‘ಕೊಡಿ ಮತ್ತೆ, ಇಪ್ಪತ್ತಮೂರು ವರ್ಷ ಎಂದು ಬರೆಯಿರಿ’ ಎಂದಳು. ನಗಲಿಲ್ಲ. ಅಂದಿನಿಂದ ನನಗೆ ಎರಡನೆಯ ಸಲ ಅನ್ನ ಬೇಕೇ ಎಂದು ಕೇಳುವುದನ್ನೂ ನಿಲ್ಲಿಸಿದ್ದಾಳೆ.

ಗುರುವಾರ ಹಳೆಯ ಬಾಕಿಯೊಂದರ ತಕರಾರು ಬಂತು. ಅಟ್ಟದ ಮೇಲಿದ್ದ 2021ರ ಸಾಲದ ಪುಸ್ತಕವನ್ನು ಇಳಿಸಿ ಧೂಳು ಕೊಡವಿದೆ. ಅದು ನಿನ್ನ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಜುಲೈ 19 ಮತ್ತು 22, ಎರಡೇ ದಿನದಲ್ಲಿ ಮುಗಿದುಹೋದ ವರ್ಷ. ಅದಕ್ಕೂ ಮೊದಲಿನ ಎರಡು ತಿಂಗಳ ಸಂಗತಿಯನ್ನು ಬಿಡು, ನನ್ನ ಆಸ್ಪತ್ರೆಯ ಮಾತು ಈಗ ಯಾಕೆ. ಪುಸ್ತಕದ ನಲವತ್ತಾರನೆಯ ಪುಟದವರೆಗೆ ನನ್ನ ಅಕ್ಷರ. ‘ಮೀಸೆ, ಎಲ್ಬೋ 4.’ ‘ಕೆರೆ ಹಿಂದಿನ ತೋಟ, ಬಾಕಿ 600.’ ‘ಗ್ಲಾಂಡ್ ದಾರ, ಆಮೇಲೆ.’ ಯಾರ ದಾರ, ಯಾವ ಆಮೇಲೆ, ಈಗ ನನಗೇ ತಿಳಿಯುವುದಿಲ್ಲ. ನಲವತ್ತೇಳನೆಯ ಪುಟದಿಂದ ಸ್ಕೇಲ್ ಇಟ್ಟು ಎಳೆದ ಗೆರೆಗಳು, ನೀಲಿ ಶಾಯಿ. ತಾರೀಕು, ಹೆಸರು, ಊರು, ಫೋನ್ ನಂಬರ್, ಸಾಮಾನು, ದರ, ಕೊಟ್ಟದ್ದು, ಉಳಿದದ್ದು. ಕೊನೆಯಲ್ಲಿ ‘ಯಾವಾಗ ಕೊಡುತ್ತಾರೆ’ ಎಂದು ಇನ್ನೊಂದು ಕಾಲಂ.

ಆ ಕೊನೆಯ ಕಾಲಮ್ಮಿಗಾಗಿ ನಾನು ನಿನ್ನನ್ನು ಬೈದಿದ್ದೆ. ‘ಕೊಬ್ಬರಿ ಮಾರಿದ ಮೇಲೆ’ ಎಂದು ಅವರು ಹೇಳಿದರೆ ನೀನು ‘ಯಾವ ತಿಂಗಳ ಕೊಬ್ಬರಿ?’ ಎಂದು ಕೇಳುತ್ತಿದ್ದೆ. ನಮ್ಮ ಕಡೆಯ ಉಂಡೆ ಕೊಬ್ಬರಿ ಅಟ್ಟದಲ್ಲಿ ಕೂತು ಒಣಗಿ ಗಿಟುಕಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಅಟ್ಟಕ್ಕೆ ಈಗ ಏರಿಸಿದ ಕಾಯಿಯ ಮೇಲೆ ಸಾಲ ಕೇಳುತ್ತಿದ್ದಾರೆಯೋ, ಇಳಿಸಲು ಸಿದ್ಧವಾದ ಕೊಬ್ಬರಿಯ ಮೇಲೆಯೋ ಎಂದು ಇಪ್ಪತ್ತು ವರ್ಷ ವ್ಯಾಪಾರ ಮಾಡಿದ ನಾನು ಒಬ್ಬರನ್ನೂ ಕೇಳಿದವನಲ್ಲ. ಸಂಕೋಚ. ಹದಿನಾರು ತುಂಬದ ನೀನು ಕೇಳಿದೆ.

ಐವತ್ತೆರಡನೆಯ ಪುಟದಲ್ಲಿ ಕೆ.ಬಿ. ಕ್ರಾಸ್ ಕಡೆಯ ಯಜಮಾನರ ಲೆಕ್ಕವಿದೆ. 1,860 ರೂಪಾಯಿ. ನಿನಗೆ ನೆನಪಿದೆಯೋ ಇಲ್ಲವೋ, ನನಗಂತೂ ಗುರುವಾರದಿಂದ ಅದು ಬಿಟ್ಟು ಬೇರೆ ನೆನಪಿಲ್ಲ. ಅವರು ಬಂದು ‘ನಾನು ತೆಗೆದುಕೊಂಡೇ ಇಲ್ಲ’ ಎಂದರು. ನೀನು ದನಿ ಎತ್ತಲಿಲ್ಲ. ಪುಸ್ತಕವನ್ನು ಅವರ ಕಡೆಗೆ ತಿರುಗಿಸಿ, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದೆ. ಎರಡು ಇಂಚಿನ ಫುಟ್ ವಾಲ್ವ್ ಒಂದು, ಎರಡು ಇಂಚಿನ ಪೈಪು ಮೂರು, ಸೊಲ್ಯೂಷನ್ ಡಬ್ಬಿ ಒಂದು, ತೆಗೆದುಕೊಂಡು ಹೋದವನು ನಿಮ್ಮ ಅಳಿಯ, ಬೆಳಗ್ಗೆ ಎಂಟೂವರೆ. ಅವರು ಸುಮ್ಮನಾದರು. ಜೇಬಿನಿಂದ ದುಡ್ಡು ತೆಗೆದು ಎಣಿಸತೊಡಗಿದರು. ಆಗ ನಾನು, ಎದ್ದು ನಿಲ್ಲಲು ಶಕ್ತಿ ಇಲ್ಲದೆ ಒಳಗಿನ ಕುರ್ಚಿಯಲ್ಲಿ ಕೂತಿದ್ದವನು, ಅಲ್ಲಿಂದಲೇ ಕೂಗಿ ಹೇಳಿದೆ: ‘ಯಜಮಾನರೇ, ತಪ್ಪು ತಿಳಿಯಬೇಡಿ. ಹುಡುಗಿ, ವ್ಯವಹಾರ ಗೊತ್ತಿಲ್ಲ. ಸುಮ್ಮನೆ ಹೊತ್ತು ಕಳೆಯಲು ಬಂದು ಕೂರುತ್ತಾಳೆ.’

ಅವರೇ ‘ಇಲ್ಲ ಇಲ್ಲ, ಹುಡುಗಿ ಸರಿಯಾಗಿ ಬರೆದಿದ್ದಾಳೆ’ ಎಂದರು. ಸಾಲ ಇಲ್ಲವೆಂದು ಜಗಳಕ್ಕೆ ಬಂದ ಮನುಷ್ಯ ಒಪ್ಪಿದ. ನಾನು ಒಪ್ಪಲಿಲ್ಲ. ನೀನು 1,860ರ ಮುಂದೆ ‘ಸಂದಾಯ’ ಎಂದು ಬರೆದು, ತಾರೀಕು ಹಾಕಿ, ಪುಟ ಮಗುಚಿದೆ. ಆ ‘ಸಂದಾಯ’ ಎಂಬ ಪದದಲ್ಲಿ ಸೊನ್ನೆ ಒತ್ತಿ ಒತ್ತಿ ಹಾಳೆ ತೂತಾಗಿದೆ. ಅಂದು ನಾನು ಅದನ್ನು ನೋಡಿರಲಿಲ್ಲ. ಗುರುವಾರ ನೋಡಿದೆ. ಹಿಂದಿನ ಪುಟದಿಂದ ಬೆರಳಾಡಿಸಿದರೆ ಕೈಗೆ ತಾಗುತ್ತದೆ.

ಇನ್ನೂ ಒಂದನ್ನು ಬರೆಯಲೇಬೇಕು. 2022ರ ಜುಲೈ 18ಕ್ಕೆ ನೀರೆತ್ತುವ ಪಂಪುಗಳ ಜಿಎಸ್‌ಟಿ ಶೇಕಡಾ 12ರಿಂದ 18ಕ್ಕೆ ಏರಿದಾಗ ನಮ್ಮ ಅಂಗಡಿ ಸಾಲಿನಲ್ಲಿ ಅದನ್ನು ಮೊದಲು ಹೇಳಿದ್ದು ನೀನು, ಕಾಲೇಜಿನಿಂದ ಬಂದು ಬ್ಯಾಗು ಕೂಡ ಇಳಿಸದೆ. ನಾನು ಹಳೆಯ ದರಕ್ಕೇ ಬಿಲ್ ಹರಿಯುತ್ತಾ ಹೋಗಿದ್ದರೆ ಆರು ಪೈಸೆ ಆರು ಪೈಸೆಯಾಗಿ ಕೈಯಿಂದ ಕಟ್ಟಬೇಕಾಗಿತ್ತು. ಪಕ್ಕದ ಅಂಗಡಿಯವರು ಕಟ್ಟಿದರು. ಇದನ್ನು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ, ನಿನ್ನ ಎದುರಿಗೆ ಒಂದು ಸಲವೂ ಹೇಳಿಲ್ಲ.

ಹಾಗಾದರೆ ಆ ಶುಕ್ರವಾರ ಯಾಕೆ ಹಾಗೆಂದೆ ಎಂದು ಕೇಳಬಹುದು. ನನಗಿರುವುದು ಒಂದು ಹಳೆಯ ನಂಬಿಕೆ. ನಾನೂ ಪಿಯುಸಿ ಮುಗಿಸಿ ಪೀಣ್ಯದಲ್ಲಿ ಗೇಟಿನಿಂದ ಗೇಟಿಗೆ ಅಲೆದವನು. ಎಲ್ಲ ಕಡೆಯೂ ‘ಎಕ್ಸ್‌ಪೀರಿಯನ್ಸ್ ಇದೆಯಾ?’ ಎಂಬುದೊಂದೇ ಮಾತು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬಂತೆ. ವಾಪಸು ಬಂದು ಬಂಧುಗಳ ಅಂಗಡಿಯಲ್ಲಿ ಎರಡು ವರ್ಷ ಕಾಸಿಲ್ಲದೆ ಪೈಪು ಹೊತ್ತೆ. ಕಲಿಯುವವನಿಗೆ ಸಂಬಳವೂ ಇಲ್ಲ, ಕಾಗದವೂ ಇಲ್ಲ ಎಂದು ಆಗ ತಲೆಗೆ ಹತ್ತಿದ್ದು ಇಳಿಯಲೇ ಇಲ್ಲ. ಮನೆಯ ಮಕ್ಕಳ ದುಡಿಮೆಯಂತೂ ಲೆಕ್ಕಕ್ಕೆ ಬರುವುದೇ ಇಲ್ಲ ಎಂದುಕೊಂಡಿದ್ದೆ. ನೀನು ಕೇಳಿದಾಗ ಸುಳ್ಳು ಕಾಗದ ಕೇಳುತ್ತಿದ್ದೀಯ ಎಂದೇ ಅನ್ನಿಸಿತು. ಪುಸ್ತಕ ನೋಡಿದ ಮೇಲೆ, ಬರೆದುಕೊಡದೆ ಇದ್ದರೆ ಅದು ಸುಳ್ಳು ಎಂದು ಗೊತ್ತಾಯಿತು.

ಕಾಗದ ಇದರ ಜೊತೆಗೇ ಇದೆ. ಬರೆಯುವ ಮೊದಲು ನಮ್ಮ ಆಡಿಟರ್ ಹತ್ತಿರ ಹೋಗಿ, ಓದುವ ಹುಡುಗಿಯನ್ನು ದುಡಿಸಿಕೊಂಡೆ ಎಂದು ನಾನೇ ಬರೆದುಕೊಟ್ಟರೆ ನನ್ನ ಮೇಲೆ ಕೇಸಾಗುತ್ತದೆಯೇ ಎಂದು ಕೇಳಿದೆ. ಅವರು ಬಹಳ ಹೊತ್ತು ನಕ್ಕರು. ಶಾಲೆ ಮುಗಿದ ಮೇಲೆ, ರಜೆಯಲ್ಲಿ ಮನೆಯ ಅಂಗಡಿಗೆ ಕೈ ಜೋಡಿಸಿದರೆ ಕಾನೂನು ಅಡ್ಡಿ ಮಾಡುವುದಿಲ್ಲವಂತೆ. ಜೂನ್ 2021ರಿಂದ ಜೂನ್ 2023ರವರೆಗೆ, ಕಾಲೇಜಿನ ವೇಳೆ ಬಿಟ್ಟು, ದಿನಕ್ಕೆ ಮೂರು ಗಂಟೆ ಎಂದು ಬರೆದಿದ್ದೇನೆ. ಸಾಲದ ಲೆಕ್ಕ, ವಸೂಲಿ, ಸ್ಟಾಕ್ ಪುಸ್ತಕ, ತಿಂಗಳ ಬಿಲ್ಲುಗಳನ್ನು ಟ್ಯಾಲಿಗೆ ಏರಿಸಿ ಆಡಿಟರಿಗೆ ತಲುಪಿಸುವುದು. ಹೊಗಳಿಕೆ ಒಂದೂ ಇಲ್ಲ, ಅದನ್ನು ಓದಿದವರು ನಂಬುವುದಿಲ್ಲ. ಸಂಬಂಧ ಎಂಬಲ್ಲಿ ‘ಮಗಳು’ ಎಂದು ಮೊದಲ ಸಾಲಿನಲ್ಲಿಯೇ ಹಾಕಿದ್ದೇನೆ. ಅದನ್ನು ಮುಚ್ಚಿಡಬೇಡ, ಆಮೇಲೆ ತಿಳಿದರೆ ಉಳಿದದ್ದೆಲ್ಲವೂ ಸುಳ್ಳಾಗಿ ಕಾಣುತ್ತದೆ. ಆ ಪುಟಗಳ ಜೆರಾಕ್ಸ್ ಕೂಡ ಇಟ್ಟಿದ್ದೇನೆ. ಗಿರಾಕಿಗಳ ಹೆಸರು, ನಂಬರಿನ ಮೇಲೆ ಕಾಗದ ಇಟ್ಟು ಮುಚ್ಚಿ ಮಾಡಿಸಿದ್ದೇನೆ. ಅವರ ಸಾಲ ಊರಿಗೆಲ್ಲ ಯಾಕೆ.

ಬುದ್ಧಿ ಹೇಳಬಾರದು ಎಂದುಕೊಂಡೇ ಕೂತಿದ್ದೆ. ಆಗುವುದಿಲ್ಲ.

ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ. ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಠೇವಣಿ, ಏನೇ ಹೆಸರಿಟ್ಟರೂ ಸರಿ. ಡಿಸೆಂಬರಿನಲ್ಲಿ 2,500 ಕೇಳಿದ, ಮನೆಯಲ್ಲೇ ಕೂತು ಮಾಡುವ ಡೇಟಾ ಎಂಟ್ರಿಯ ಆ ಜನ ಮತ್ತೆ ಫೋನ್ ಮಾಡಿದರೆ ಎತ್ತಲೇಬೇಡ. ಅಕಸ್ಮಾತ್ ಯಾವತ್ತಾದರೂ ಕಳಿಸಿಬಿಟ್ಟರೆ ನಾಚಿಕೆಯಿಂದ ಮುಚ್ಚಿಟ್ಟುಕೊಂಡು ಕೂರಬೇಡ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು, ಆಮೇಲೆ ನನಗೆ. ಮೂಲ ಅಂಕಪಟ್ಟಿಯನ್ನು ತೋರಿಸು, ಕೊಡಬೇಡ. ಹಿಂದಿನ ಬೀದಿಯ ಹುಡುಗ ಬೆಂಗಳೂರಿನ ಒಂದು ಕಚೇರಿಯಲ್ಲಿ ಕೊಟ್ಟು, ಅದನ್ನು ಬಿಡಿಸಿಕೊಳ್ಳಲು ಹದಿನಾಲ್ಕು ತಿಂಗಳು ಬೇಡದ ಕೆಲಸ ಮಾಡಿದ. ಸಂಬಳ ಎಂದು ಅವರು ಬಾಯಲ್ಲಿ ಹೇಳಿದ ಅಂಕಿ ಬೇರೆ, ಪಿಎಫ್ ಮುರಿದು ಕೈಗೆ ಬರುವ ಅಂಕಿ ಬೇರೆ. ಹಾಸ್ಟೆಲ್ ಬಿಟ್ಟ ಮೇಲಿನ ಬಾಡಿಗೆಯನ್ನು ಎರಡನೆಯದರಿಂದ ಕಳೆ.

ಆಡಿಟರ್ ಇನ್ನೊಂದು ಹೇಳಿದರು. ಅಪ್ರೆಂಟಿಸ್ ಕಾಯ್ದೆ 1961ರದ್ದು, ಆದರೆ ಅದು ಐಟಿಐ ಹುಡುಗರಿಗೆ ಮಾತ್ರ ಎಂದು ನನ್ನಂತೆ ತುಂಬಾ ಜನ ತಿಳಿದಿದ್ದಾರೆ. ಈಗ ಬಿಕಾಂ ಆದವರೂ ಒಂದು ವರ್ಷ ಕಂಪನಿಯಲ್ಲಿ ಸೇರಬಹುದಂತೆ. ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು 2019ರಲ್ಲಿ ನಿಯಮ ಮಾಡಿದ್ದಾರೆ. ವರ್ಷ ಮುಗಿದ ಮೇಲೆ ಪ್ರಮಾಣಪತ್ರ. ಅಂದರೆ ಅರ್ಜಿಯ ಆ ಹಾಳು ‘ಅನುಭವ’ದ ಕಾಲಂ ತುಂಬುತ್ತದೆ. ಪರೀಕ್ಷೆ ಮುಗಿದೊಡನೆ ಅಪ್ರೆಂಟಿಸ್ ಆಗುವವರಿಗೆ ಕೇಂದ್ರ ಸರ್ಕಾರ ನಡೆಸುವ ನ್ಯಾಟ್ಸ್ ಪೋರ್ಟಲ್‌ನಲ್ಲಿ ಹೆಸರು ಹಾಕು. ತುಮಕೂರಿನ ಹತ್ತಿರ ವಸಂತನರಸಾಪುರದಲ್ಲಿ ಅಷ್ಟು ಕಾರ್ಖಾನೆಗಳಿವೆ, ಎಲ್ಲಿಯಾದರೂ ಲೆಕ್ಕದ ವಿಭಾಗವೆಂಬುದು ಇದ್ದೇ ಇರುತ್ತದೆ. ಯುವನಿಧಿಯ 3,000ದ ವಿಚಾರ ಎತ್ತಿದ್ದೆ ನೀನು. ಪಾಸಾಗಿ 180 ದಿನ ಕೆಲಸ ಸಿಗದಿದ್ದವರಿಗೆ ಅದು. ನನ್ನ ಮಗಳು ಅಲ್ಲಿಯವರೆಗೆ ಖಾಲಿ ಕೂರುವುದಿಲ್ಲ ಎಂದು ಜಂಬದಿಂದ ಹೇಳಿದ್ದೆ. ಆ ಮಾತನ್ನೂ ವಾಪಸು ತೆಗೆದುಕೊಳ್ಳುತ್ತೇನೆ. ಬೇಕಾಗಿ ಬಂದರೆ ಹಾಕು, ಅದರಲ್ಲಿ ಮಾನ ಹೋಗುವಂಥದ್ದು ಏನಿಲ್ಲ. ಸರ್ಕಾರಿ ಬಸ್ಸಿನಲ್ಲಿ ದುಡ್ಡು ಕೊಡದೆ ಓಡಾಡುತ್ತೀಯಲ್ಲ, ಹಾಗೆಯೇ.

ಬುಧವಾರದ ಸಂದರ್ಶನಕ್ಕೆ ಹೋಗುವ ಆಡಿಟ್ ಕಚೇರಿ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಎಂದು ಅಮ್ಮ ಹೇಳಿದಳು. ನಮ್ಮ ಅಂಗಡಿಯ ಮುಂದೆ ಹಾದುಹೋಗುವುದೂ ಅದೇ ರಸ್ತೆ. ಇದರಿಂದ ಏನೂ ಆಗಬೇಕಾದ್ದಿಲ್ಲ, ಸುಮ್ಮನೆ ಬರೆದೆ. ತಿಂಗಳಿಗೆ ಎಂಟು ಸಾವಿರ, ಮಧ್ಯಾಹ್ನದ ಮೇಲಿನ ಕೆಲಸ ಎಂದರೆ ಈ ಸೆಮಿಸ್ಟರಿಗೆ ಸಾಕು. ಏನು ಗೊತ್ತು ಎಂದು ಕೇಳಿದರೆ ಟ್ಯಾಲಿ, ಎಕ್ಸೆಲ್ ಎಂದು ಎಲ್ಲರೂ ಹೇಳುವುದನ್ನು ಹೇಳಬೇಡ. ಕೊಬ್ಬರಿಯ ಕಾಲಂ ಕತೆ ಹೇಳು. ಮೆಲ್ಲಗೆ ಮಾತಾಡು, ನನ್ನ ಹಾಗೆ ಕೂಗಬೇಡ. ರಾತ್ರಿ ಎಂಟರ ಮೇಲೆ ಕೆಲಸ ಎಂದರೆ ಮಾತ್ರ ನನಗೆ ಹೇಳಿ ಒಪ್ಪಿಕೋ. ಅಥವಾ ಒಪ್ಪಿಕೊಂಡು ಹೇಳು. ಯಾವುದು ಮೊದಲು ಎಂಬುದನ್ನು ನೀನೇ ನೋಡಿಕೋ.

ಕಾಗದದಲ್ಲಿ ಒಂದು ಜಾಗ ಮಾತ್ರ ನನಗೆ ಬಗೆಹರಿಯಲಿಲ್ಲ. ‘ಪಡೆದ ಸಂಬಳ’ ಎಂಬಲ್ಲಿ ಮೊದಲು ಗೆರೆ ಎಳೆದಿದ್ದೆ. ಆಮೇಲೆ ಆ ಹಾಳೆ ಹರಿದು ಇನ್ನೊಂದರಲ್ಲಿ ‘ಕೊಟ್ಟಿಲ್ಲ’ ಎಂದು ಬರೆದೆ. ಆಡಿಟರ್ ಅದನ್ನು ಓದಿ, ಹೀಗೆ ಯಾರೂ ಬರೆಯುವುದಿಲ್ಲ ಎಂದರು. ಇರಲಿ ಎಂದೆ. ಈ ವರ್ಷದ ಸಾಲದ ಪುಸ್ತಕದಲ್ಲಿ ಒಂದು ಪುಟವನ್ನು ನಿನ್ನಂತೆಯೇ ಸ್ಕೇಲ್ ಇಟ್ಟು ಗೆರೆ ಎಳೆದು ತೆರೆದಿದ್ದೇನೆ. ಹೆಸರಿನ ಜಾಗದಲ್ಲಿ ನನ್ನ ಹೆಸರು, ಊರು ತಿಪಟೂರು. ‘ಉಳಿದದ್ದು’ ಮತ್ತು ‘ಯಾವಾಗ ಕೊಡುತ್ತಾರೆ’ ಎರಡನ್ನೂ ಖಾಲಿ ಬಿಟ್ಟಿದ್ದೇನೆ. ಯುಗಾದಿಗೆ ಬಂದಾಗ ಅಂಕಿ ಹಾಕು. ಚೌಕಾಸಿ ಮಾಡುವುದಿಲ್ಲ, ಆದರೆ ಕೊಬ್ಬರಿ ಮಾರಿದ ಮೇಲೆ.

ಇದನ್ನು ಎದುರುಮನೆಯ ಹುಡುಗಿ ನಾಳೆ ಬೆಳಗಿನ ಬಸ್ಸಿಗೆ ತರುತ್ತಾಳೆ. ಅಮ್ಮ ಕೋಡುಬಳೆಯ ಡಬ್ಬಿ ಕೊಟ್ಟಿದ್ದಾಳೆ, ಅದರಲ್ಲಿ ಅರ್ಧ ಅವಳಿಗೆ ಕೊಡು. ಅಂಗಡಿಯ ಸೀಲಿನಲ್ಲಿ ಫೋನ್ ನಂಬರಿನ ಕೊನೆಯ ಅಂಕಿ ಸವೆದಿದೆ, ಪೆನ್ನಿನಿಂದ ತಿದ್ದಿದ್ದೇನೆ. ಆ ಕಚೇರಿಯವರು ವಿಚಾರಿಸಲು ಫೋನ್ ಮಾಡುವುದಾದರೆ ಹನ್ನೊಂದರ ಮೇಲೆ ಮಾಡಲಿ. ಅದಕ್ಕೂ ಮೊದಲು ಅಂಗಡಿಯಲ್ಲಿ ಗಲಾಟೆ, ನನಗೆ ಕೇಳಿಸುವುದಿಲ್ಲ.

ಇಂತಿ,
ನಿನ್ನ ಅಪ್ಪಾಜಿ