ಶನಿವಾರದ ನೆಬ್ರಾಸ್ಕಾ ಭೇಟಿಗೆ ಮುನ್ನ

ಎಲ್ಲರಿಗೂ ನಮಸ್ಕಾರ. ಬಿಯಾಟ್ರಿಸ್ ಪಟ್ಟಣದ ಬಳಿಯ ಹೋಮ್‌ಸ್ಟೆಡ್ ಉದ್ಯಾನಕ್ಕೆ ಹೊರಡುವ ಮೊದಲು ಇದನ್ನು ದಯವಿಟ್ಟು ಮಕ್ಕಳಿಗೂ ಓದಿ ಹೇಳಿ.

ಅಮೆರಿಕದ 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ, ನೆಲೆಸಿ ಸಾಗುವಳಿ ಮಾಡುವವರಿಗೆ ಸರ್ಕಾರದಿಂದ 160 ಎಕರೆವರೆಗೆ ಜಮೀನು ಸಿಗುತ್ತಿತ್ತು. ಒಟ್ಟು ಶುಲ್ಕ 18 ಡಾಲರ್. ಐದು ವರ್ಷ ಅಲ್ಲೇ ವಾಸವಿದ್ದು, ಮನೆ ಕಟ್ಟಿ, ಉತ್ತು ಬಿತ್ತಿ, ಇಬ್ಬರು ಸಾಕ್ಷಿಗಳನ್ನು ತರಬೇಕಿತ್ತು. ವಲಸಿಗರು ಪೌರತ್ವ ಪಡೆಯುವ ಇರಾದೆಯನ್ನು ಘೋಷಿಸಿದರೆ ಅರ್ಜಿ ಹಾಕಬಹುದಿತ್ತು. ಆದರೆ ಅದು ಮೂಲನಿವಾಸಿಗಳು ಕಳೆದುಕೊಂಡ ನೆಲ. ಇದನ್ನು ಬಿಟ್ಟು ಈ ಕಥೆ ಹೇಳಬಾರದು.

ಬಯಲಲ್ಲಿ ಮರ ವಿರಳ. ಹಾಗಾಗಿ ಮನೆ ಕಟ್ಟಲು ಹುಲ್ಲನ್ನು ಬೇರು, ಮಣ್ಣು ಸಮೇತ ನೇಗಿಲಿನಿಂದ ಪಟ್ಟಿಯಾಗಿ ಸೀಳಿ, ಸುಮಾರು 3 ಅಡಿ ಉದ್ದ, 1 ಅಡಿ ಅಗಲ, 4 ಅಂಗುಲ ದಪ್ಪದ ಹೆಂಟೆ ಕತ್ತರಿಸುತ್ತಿದ್ದರು. ನೆಲ ಹಸಿಯಿರಬೇಕು, ಕತ್ತರಿಸಿದ್ದನ್ನು ಅಂದೇ ಕಟ್ಟಬೇಕು, ಒಣಗಿದರೆ ಪುಡಿಯಾಗುತ್ತದೆ. ಹುಲ್ಲಿನ ಮೈ ಕೆಳಗೆ. ಗೋಡೆಗೆ ಎರಡು ಸಾಲು, ಸಂದುಗಳು ಒಂದರ ಮೇಲೊಂದು ಬರಕೂಡದು, ಆಗಾಗ ಒಂದು ವರಸೆ ಅಡ್ಡಲಾಗಿ. ಕಿಟಕಿ ಚೌಕಟ್ಟಿನ ಮೇಲೆ ಜಾಗ ಬಿಟ್ಟು ಚಿಂದಿ ಬಟ್ಟೆ ತುರುಕುತ್ತಿದ್ದರು. ಗೋಡೆ ಕುಸಿದು ಕೂರುವಾಗ ಗಾಜು ಒಡೆಯದಿರಲಿ ಎಂದು. ಎಷ್ಟು ಜಾಣತನ ನೋಡಿ!

ಸೋಲುತ್ತಿದ್ದದ್ದು ಚಾವಣಿ. ಮಳೆ ಕುಡಿದ ಹೆಂಟೆಯ ಭಾರಕ್ಕೆ ತೊಲೆ ಬಾಗುತ್ತಿತ್ತು, ಹೊರಗೆ ಮಳೆ ನಿಂತ ಮೇಲೂ ಒಳಗೆ ಕೆಸರು ತೊಟ್ಟಿಕ್ಕುತ್ತಿತ್ತು. ಅದಕ್ಕೇ ಒಳಗಡೆ ಚಾವಣಿಯ ಕೆಳಗೆ ಬಟ್ಟೆ ಕಟ್ಟುತ್ತಿದ್ದರು. ಒಲೆಗೆ ಒಣ ಸಗಣಿ, ಹುರಿ ಮಾಡಿದ ಹುಲ್ಲು, ಮೆಕ್ಕೆಜೋಳದ ದಿಂಡು.

ಉದ್ಯಾನದಲ್ಲಿರುವ ಹಳೆಯ ಮನೆ ಮರದ ದಿಮ್ಮಿಯದು, ಹೆಂಟೆಯದಲ್ಲ. ಮಕ್ಕಳಿಗೆ ಮೊದಲೇ ತಿಳಿಸಿ.