ಇನ್ನೂ ಮೂರು ತಿಂಗಳು ಇಲ್ಲೇ ಇರ್ತೀನಿ

ಅಮ್ಮಾ, ಅಪ್ಪಾ,

ಮೊನ್ನೆ ಫೋನಲ್ಲಿ ಸರಿಯಾಗಿ ಹೇಳಕ್ಕಾಗ್ಲಿಲ್ಲ, ಲೈನ್ ಬೇರೆ ಕಟ್ ಆಗ್ತಿತ್ತು, ಅದಕ್ಕೇ ಇವತ್ತು ಕೂತು ಬರೀತಿದೀನಿ. ಅಪ್ಪಾ, ನೀವು ಕೇಳಿದ್ರಲ್ಲ, "ರೇಡಿಯೇಷನ್ ಮಷೀನ್ ಬಂದಾಯ್ತು, ಫಿಟ್ ಮಾಡಿದ್ದೂ ಆಯ್ತು, ಇನ್ನೇನಮ್ಮ ಕೆಲ್ಸ ಅಲ್ಲಿ" ಅಂತ. ಅಮ್ಮ ಏನೂ ಮಾತಾಡ್ಲಿಲ್ಲ, ಅದೇ ನಂಗೆ ಜಾಸ್ತಿ ಸಂಕಟ ಆಯ್ತು.

ಮಷೀನ್ ನಿಂತೋದ್ರೆ ಏನಾಗುತ್ತೆ ಅನ್ನೋದಕ್ಕೆ, ನಾನಿರೋ ಈ ದೇಶದ ಪಕ್ಕದ ಉಗಾಂಡಾದಲ್ಲಿ ಏನಾಯ್ತು ಅಂತ ಹೇಳ್ತೀನಿ ಕೇಳಿ. ಇಡೀ ದೇಶಕ್ಕೆ ಇದ್ದಿದ್ದು ಒಂದೇ ರೇಡಿಯೇಷನ್ ಮಷೀನು, ಕೋಬಾಲ್ಟ್ ಅನ್ನೋ ವಿಕಿರಣ ಲೋಹದಿಂದ ಕಿರಣ ಬಿಡೋ 1995ರ ಮಷೀನು, ಅದು 2016ರಲ್ಲಿ ಕೆಟ್ಟು ಕೂತ್ಬಿಡ್ತು. ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಕೈ ಜೋಡಿಸಿದ ಮೇಲೂ ಹೊಸದು ಶುರುವಾಗೋ ಹೊತ್ತಿಗೆ 2017 ಮುಗೀತಾ ಬಂದಿತ್ತು. ಕ್ಯಾನ್ಸರ್ ಗೆಡ್ಡೆ ಅಷ್ಟು ದಿನ ಕಾಯುತ್ತಾ? ಕೆಲವರು ನೈರೋಬಿಗೆ ಹೋದ್ರು, ಹೋಗಕ್ಕಾಗದೇ ಇದ್ದೋರು ಎಷ್ಟೋ ಜನ. ಕ್ಯಾನ್ಸರ್ ಬಂದವರಲ್ಲಿ ಹೆಚ್ಚುಕಮ್ಮಿ ಅರ್ಧ ಜನಕ್ಕೆ ಯಾವುದೋ ಒಂದು ಹಂತದಲ್ಲಿ ರೇಡಿಯೇಷನ್ ಬೇಕೇ ಬೇಕು. ಆದ್ರೂ ಅದೇ ಸಂಸ್ಥೆ 2022ರಲ್ಲಿ 'ರೇಸ್ ಆಫ್ ಹೋಪ್' (ಭರವಸೆಯ ಕಿರಣಗಳು) ಅನ್ನೋ ಯೋಜನೆ ಶುರು ಮಾಡಿದಾಗ ಆಫ್ರಿಕಾದ 20ಕ್ಕೂ ಹೆಚ್ಚು ದೇಶಗಳಲ್ಲಿ ಒಂದೇ ಒಂದು ಮಷೀನೂ ಇರ್ಲಿಲ್ಲ.

ನಮ್ಮ ದೇಶದ್ದೂ ಇದ್ರಲ್ಲಿ ಪಾಲಿದೆ, ಇದನ್ನ ಹೇಳಕ್ಕೆ ಖುಷಿ ಆಗುತ್ತೆ. ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದವರು ಡಿಸೈನ್ ಮಾಡಿದ ಭಾಭಾಟ್ರಾನ್ ಅನ್ನೋ ಕೋಬಾಲ್ಟ್ ಮಷೀನನ್ನ ಭಾರತ ವಿಯೆಟ್ನಾಂಗೆ ಕೊಡ್ತು, ಕೀನ್ಯಾಗೂ ಕೊಡ್ತು. ಕೋಬಾಲ್ಟ್ ಹಳೇದು ಅಂತ ಮೂಗು ಮುರಿಯೋರು ಇದಾರೆ, ನಾನು ಒಪ್ಪಲ್ಲ. ಕರೆಂಟ್ ಏರುಪೇರಾದ್ರೆ ಅದಕ್ಕೆ ಅಷ್ಟು ತೊಂದ್ರೆ ಇಲ್ಲ, ರಿಪೇರಿನೂ ಸುಲಭ. ಆದ್ರೆ ಸುಮಾರು ಐದೂಕಾಲು ವರ್ಷಕ್ಕೆ ಅದರ ಶಕ್ತಿ ಅರ್ಧ ಆಗುತ್ತೆ, ಆಗ ಒಬ್ಬೊಬ್ಬ ಪೇಷೆಂಟೂ ಎರಡರಷ್ಟು ಹೊತ್ತು ಮಲಗಿರ್ಬೇಕು, ಸೋರ್ಸ್, ಅಂದ್ರೆ ಒಳಗಿರೋ ಕೋಬಾಲ್ಟನ್ನ, ಬದಲಾಯಿಸ್ಬೇಕು, ಹಳೇದನ್ನ ಕಾವಲಲ್ಲಿ ಇಡ್ಬೇಕು. ನಮಗೆ ಬಂದಿರೋದು ಲಿನಾಕ್, ಕೋಬಾಲ್ಟ್ ಇಲ್ಲದೇ ಕರೆಂಟಿಂದಲೇ ಕಿರಣ ಹುಟ್ಟಿಸೋ ಮಷೀನು. ಗೆಡ್ಡೆಯ ಆಕಾರಕ್ಕೆ ತಕ್ಕ ಹಾಗೆ ಕಿರಣನ ಕತ್ತರಿಸಿದ ಹಾಗೆ ಬಿಡಬಹುದು, ಅಕ್ಕಪಕ್ಕದ ಅಂಗಗಳು ಉಳಿಯುತ್ತೆ, ಆದ್ರೆ ಅದಕ್ಕೆ ಕರೆಂಟ್ ಒಂದೇ ಸಮ ಬೇಕು, ತಣ್ಣನೆ ನೀರು ಹರೀತಾನೇ ಇರ್ಬೇಕು, ಒಂದು ಸಣ್ಣ ಮೋಟಾರ್ ಹೋದ್ರೆ ಪಾರ್ಟ್ ಬರೋವರೆಗೂ ಎಲ್ಲಾ ನಿಂತೋಗುತ್ತೆ. ಹೋದ ತಿಂಗಳು ನಾಲ್ಕು ದಿನ ಹಂಗೇ ಆಯ್ತು. ಗರ್ಭಕೊರಳಿನ ಕ್ಯಾನ್ಸರ್‌ನ ಒಬ್ಬ ಅಮ್ಮ ದಿನಾ ಬೆಳಿಗ್ಗೆ ಬಂದು ಬೆಂಚಿನ ಮೇಲೆ ಕೂತು ಸಂಜೆ ವಾಪಸ್ ಹೋಗ್ತಿದ್ರು, ನಾಳೆ ಬನ್ನಿ ಅಂತ ನಾಲ್ಕು ಸಲ ಹೇಳಿದ್ದು ನಾನೇ.

ಈಗ ಯಾಕೆ ಉಳ್ಕೊಂಡೆ ಅನ್ನೋದಕ್ಕೆ ಬರ್ತೀನಿ. ಇಲ್ಲಿ ನನ್ನ ಜೊತೆ ಕೆಲಸ ಮಾಡೋ ಹುಡುಗಿ ಒಬ್ಬಳಿದಾಳೆ, ಹೊರದೇಶದಲ್ಲಿ ಎರಡು ವರ್ಷ ಟ್ರೈನಿಂಗ್ ಮುಗಿಸ್ಕೊಂಡು ಬಂದ ಮೆಡಿಕಲ್ ಫಿಸಿಸಿಸ್ಟು, ಅಂದ್ರೆ ಕಿರಣದ ಅಳತೆ ಲೆಕ್ಕ ನೋಡ್ಕೊಳ್ಳೋಳು, ಮಾತು ಕಮ್ಮಿ. ನಾವು ಡೋಸ್, ಅಂದ್ರೆ ಬೀಳೋ ಕಿರಣದ ಪ್ರಮಾಣ, ಅಳೆಯೋದು ಪೆನ್ಸಿಲ್ ತುಂಡಿನಷ್ಟು ದಪ್ಪದ ಒಂದು ಚೇಂಬರಲ್ಲಿ, ಅದರೊಳಗೆ ಇರೋದು ಬರೀ ಗಾಳಿ. ಗಾಳಿ ತೆಳು ಇದ್ರೆ ರೀಡಿಂಗ್ ಕಮ್ಮಿ ಬರುತ್ತೆ, ಅದಕ್ಕೇ ಆವತ್ತಿನ ಗಾಳಿಯ ಒತ್ತಡ ಹಾಕಿ ಲೆಕ್ಕ ಸರಿ ಮಾಡ್ಬೇಕು. ಒಂದಿನ ಆ ಒತ್ತಡ ಅಳೆಯೋ ಬ್ಯಾರೋಮೀಟರ್ ಕೈ ಕೊಡ್ತು, ಹೊರಗಿಂದ ಬಂದ ನಮ್ಮ ಟೀಮಲ್ಲೇ ಒಬ್ಬರು ಮೊಬೈಲಲ್ಲಿ ಹವಾಮಾನ ನೋಡಿ ನಂಬರ್ ಓದಿದ್ರು, ನಾನೂ ಬರ್ಕೊಂಡೆ. ಅವಳು ಪೆನ್ನು ಕೆಳಗಿಟ್ಟು, "ಇದು ಸಮುದ್ರಮಟ್ಟದ ಲೆಕ್ಕ, ನಾವಿರೋದು 1200 ಮೀಟರ್ ಎತ್ತರದಲ್ಲಿ" ಅಂದ್ಳು. ರೂಮಲ್ಲಿ ಯಾರೂ ಮಾತಾಡ್ಲಿಲ್ಲ. ಆ ಎತ್ತರದಲ್ಲಿ ಒತ್ತಡ ಶೇಕಡ 13ರಷ್ಟು ಕಮ್ಮಿ. ಅದೇ ನಂಬರ್ ನಂಬ್ಕೊಂಡು ಹೋಗಿದ್ರೆ ಮಷೀನ್ ಕಮ್ಮಿ ಕೊಡ್ತಿದೆ ಅಂತ ತಿಳ್ಕೊಂಡು ಪ್ರತಿ ಪೇಷೆಂಟಿಗೂ ಹೆಚ್ಚುಕಮ್ಮಿ ಶೇಕಡ 15 ಜಾಸ್ತಿ ಕೊಟ್ಬಿಡ್ತಿದ್ವಿ, ಮೂತ್ರಕೋಶ ಕರುಳು ಎಲ್ಲಾ ಸುಟ್ಟು ಹೋಗೋದು. ಆವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಅವಳಿಗೆ ಗೊತ್ತಿಲ್ಲ ಅಂತ ನಾನು ಉಳ್ಕೊಂಡಿಲ್ಲ ಅಮ್ಮ. ಅವಳು ಒಬ್ಬಳೇ ಇದಾಳೆ ಅಂತ. ರಜೆ ಹಾಕಂಗಿಲ್ಲ, ಜ್ವರ ಬರಂಗಿಲ್ಲ, ಅವಳ ಲೆಕ್ಕನ ಎರಡನೇ ಸಲ ನೋಡಕ್ಕೆ ಇನ್ನೊಬ್ಬರಿಲ್ಲ. ಇನ್ನೊಬ್ಬ ಹುಡುಗ ಟ್ರೈನಿಂಗ್ ಮುಗಿಸಿ ಬರೋದು ಮೂರು ತಿಂಗಳಿಗೆ, ಅಲ್ಲೀವರೆಗೂ ಆ ಎರಡನೇ ಜೊತೆ ಕಣ್ಣು ನಂದು.

ಇನ್ನೊಂದು ವಿಷಯ, ಹೋದ ವಾರ ವಿಯೆನ್ನಾದ ಅದೇ ಅಣುಶಕ್ತಿ ಸಂಸ್ಥೆಯಿಂದ ಪೋಸ್ಟಲ್ಲಿ ಸಣ್ಣ ಡಬ್ಬಿ ಬಂದಿತ್ತು. ಒಳಗೆ ಬೆಂಕಿಕಡ್ಡಿಗಿಂತ ಗಿಡ್ಡ, ಸಣ್ಣ ಗಾಜಿನ ಕಡ್ಡಿಗಳು, ನೀರು ಹೋಗದ ಹಾಗೆ ಮುಚ್ಚಿರೋವು. ಅದನ್ನ ನೀರಲ್ಲಿಟ್ಟು ಸರಿಯಾಗಿ 2 ಗ್ರೇ (ಡೋಸ್ ಅಳೆಯೋ ಮಾನ) ಡೋಸ್ ಕೊಟ್ಟು ವಾಪಸ್ ಕಳಿಸ್ಬೇಕು, ನಾವು ಕೊಟ್ಟಿದೀವಿ ಅಂದ್ಕೊಂಡಿದ್ದು ನಿಜವಾಗ್ಲೂ ಬಿದ್ದಿದೆಯಾ ಅಂತ ಅವರು ಅಳೀತಾರೆ. ವಿಶ್ವ ಆರೋಗ್ಯ ಸಂಸ್ಥೆ ಜೊತೆ ಸೇರಿ 1969ರಿಂದ ಹೀಗೆ ಮಾಡ್ಕೊಂಡು ಬಂದಿದಾರೆ, ವ್ಯತ್ಯಾಸ ಶೇಕಡ 5ರೊಳಗೆ ಇರ್ಬೇಕು. ದೇಶ ದೇಶ ಸೇರಿ ಮಾಡೋ ಕೆಲಸ ಅಂದ್ರೆ ನಂಗೆ ಮೊದಲು ನೆನಪಾಗೋದು ಆ ಡಬ್ಬಿನೇ, ರಿಬ್ಬನ್ ಕಟ್ ಮಾಡೋ ಫೋಟೋ ಅಲ್ಲ. ಎಲ್ಲಾ ಅವಳ ಕೈಯಲ್ಲೇ ಮಾಡಿಸ್ದೆ, ನಾನು ಮುಟ್ಲಿಲ್ಲ. ಡಬ್ಬಿಗೆ ಟೇಪ್ ಸುತ್ತೋವಾಗ ಅವಳ ಕೈ ಸ್ವಲ್ಪ ನಡುಗ್ತಿತ್ತು.

ರಿಸಲ್ಟ್ ಇನ್ನೂ ಬಂದಿಲ್ಲ, ಬಂದ ದಿನ ರಾತ್ರಿನೇ ಫೋನ್ ಮಾಡ್ತೀನಿ, ಎಷ್ಟೊತ್ತಾದ್ರೂ ಸರಿ. ಅಮ್ಮ, ನೀನು ಆವತ್ತಾದ್ರೂ ಮಾತಾಡು.

ನಿಮ್ಮ ಮಗಳು